ಕತ್ತಲಲ್ಲಿ ತೂಗುಗುಂಡು

ಆಸ್ಪತ್ರೆಯ ನಾಲ್ಕನೆಯ ಮಹಡಿಯ ಮೊಗಸಾಲೆಗೆ ಕಪ್ಪು-ಬಿಳಿ ಚೌಕಗಳ ನೆಲ ಹಾಸಿದ್ದರು. ತಲೆಸುತ್ತಿನವರೇ ಬರುವ ಜಾಗಕ್ಕೆ ಇಂಥ ನೆಲ ಆರಿಸಿದವನಿಗೆ ಒಂದು ದಿನವೂ ತಲೆ ತಿರುಗಿರಲಿಕ್ಕಿಲ್ಲ. ಅಬೀಲಿಯೊ ಫುರ್ತಾದೊ ಬಲಗೈಯನ್ನು ಗೋಡೆಗೆ ಒತ್ತಿಕೊಂಡು, ಎದುರಿನ ಬಾಗಿಲ ಹಿಡಿಯ ಮೇಲೆ ಕಣ್ಣು ನೆಟ್ಟು ನಡೆದ. ಚೌಕಗಳು ಅತ್ತಿತ್ತ ಮೆಲ್ಲಗೆ ಉಬ್ಬಿ ಇಳಿಯುತ್ತಿದ್ದವು. ಎಡಗೈ ಮಾತ್ರ ಪ್ಯಾಂಟಿನ ಜೇಬಿನೊಳಗೇ ಇತ್ತು.

"ಕೈ ಹೊರಗೆ ತೆಗಿ ಮಾರಾಯ. ಬಿದ್ರೆ ಮೂಗು ಒಡ್ಕೋತೀಯ," ಎಂದಳು ಹೆಂಡತಿ ನತೇರ್ಸಿಯಾ.

"ಬೀಳಲ್ಲ."

"ಹೋದ ವಾರ ಮೀನಂಗಡೀಲೂ ಹೀಗೇ ಹೇಳ್ದೆ. ಆಮೇಲೆ ಒಣಮೀನಿನ ಪೆಟ್ಟಿಗೆ ತಬ್ಕೊಂಡು ನಿಂತಿದ್ದು ಯಾರು, ನಾನಾ?"

ಜೇಬಿನೊಳಗೆ ಅವನ ಬೆರಳು ಗೋಡೆಯ ನೇರ ನೋಡುವ ಹಿತ್ತಾಳೆಯ ತೂಗುಗುಂಡನ್ನು ಸವರುತ್ತಿತ್ತು. ನಿಂಬೆಹಣ್ಣಿಗಿಂತ ಚಿಕ್ಕದು, ಕೆಳಗೆ ಮೊನೆ, ಮೇಲೆ ದಾರ ಪೋಣಿಸುವ ತೂತು. ಅದು ಅವನ ಅಪ್ಪನದು. ಸಾವಿರದ ಒಂಬೈನೂರ ಎಂಬತ್ತರ ಹೊಸವರ್ಷದ ದಿನ ಮಧ್ಯಾಹ್ನ ಅವರ ಹುಟ್ಟೂರಾದ ತೆರ್ಸೇರಾ ದ್ವೀಪ ಭೂಕಂಪಕ್ಕೆ ಅಲುಗಿ ಅವರ ಮನೆ ಕುಸಿದಾಗ ಅಬೀಲಿಯೊಗೆ ಹದಿಮೂರು. ಮುಂದಿನ ಎರಡು ವರ್ಷ ಅಪ್ಪ ಇದೇ ಗುಂಡು ಇಳಿಬಿಟ್ಟು ಊರಿನ ಅರ್ಧ ಗೋಡೆಗಳನ್ನು ಮತ್ತೆ ಎಬ್ಬಿಸಿದ್ದ. ನೆಲ ಅಲುಗಬಹುದು, ದಾರ ಸುಳ್ಳು ಹೇಳುವುದಿಲ್ಲ ಎಂಬುದನ್ನು ಮಗ ಆಗಲೇ ಕಲಿತದ್ದು. ಟೊರಾಂಟೊಗೆ ಬಂದು ಮೂವತ್ತನಾಲ್ಕು ವರ್ಷ ಇಟ್ಟಿಗೆ ಕಟ್ಟಿದರೂ ಆ ಪಾಠ ಬದಲಾಗಿರಲಿಲ್ಲ.

ಕಾಯಿಲೆ ಶುರುವಾಗಿ ಹದಿನಾಲ್ಕು ತಿಂಗಳು. ಮೊದಲ ನಾಲ್ಕು ದಿನ ಕೋಣೆಯೇ ಗಿರಗಿರ ತಿರುಗಿತು, ವಾಂತಿಯಾಯಿತು. ಒಳಗಿವಿಗೆ ವೈರಸ್ ತಗಲಿದೆ, ತಾನಾಗಿ ಹೋಗುತ್ತದೆ ಎಂದರು ಡಾಕ್ಟರು. ತಿರುಗಾಟ ಹೋಯಿತು. ತೂಗಾಟ ಉಳಿಯಿತು. ನಿಂತರೆ ನೆಲ ತೊಟ್ಟಿಲಾಗುತ್ತಿತ್ತು. ಅಂಗಡಿಯ ಸಾಲುಗಳ ನಡುವೆ ಹೋದರೆ ಡಬ್ಬಿಗಳು ಮೈಮೇಲೆ ಬರುತ್ತಿದ್ದವು. ತಲೆಯ ಸ್ಕ್ಯಾನ್, ಹೃದಯ, ರಕ್ತ, ಕಿವಿ, ಎಲ್ಲ ನೋಡಿದರು. ಎಲ್ಲ ವರದಿಗಳ ಕೆಳಗೂ ಒಂದೇ ಮಾತು: ದೋಷ ಕಾಣಿಸುವುದಿಲ್ಲ.

"ನಿನ್ನ ತಲೆ ಫೋಟೊ ಎಲ್ಲಾ ಚೆನ್ನಾಗಿ ಬಂದಿದ್ಯಂತಲ್ಲ," ಎಂದಿದ್ದ ಮೇಸ್ತ್ರಿ ಜೆಫೆರೀನೊ. ಇಬ್ಬರೂ ಇಪ್ಪತ್ತು ವರ್ಷ ಒಂದೇ ಸಾರುವೆಯ ಹಲಗೆಯ ಮೇಲೆ ನಿಂತು ಗೋಡೆ ಕಟ್ಟಿದವರು. "ಇನ್ನೇನು, ಹೆಣ್ಣಿನ ಕಡೆಯೋರಿಗೆ ಕಳಿಸೋಣ್ವಾ?" ನಗುತ್ತಲೇ ಅಂದದ್ದು. ಆದರೆ ಆ ನಗುವಿನ ತಳದಲ್ಲಿ, ನಾಟಕ ಸಾಕು ಬಾ, ಎಂಬುದೂ ಇತ್ತು.

ಜೆಫೆರೀನೊಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಹೋದ ಜೂನ್‌ನಲ್ಲಿ, ಕೆಲಸ ಬಿಡುವ ಹಿಂದಿನ ದಿನ, ಚರ್ಚಿನ ಗಂಟೆಗೋಪುರದ ಮೇಲೆ ಅಬೀಲಿಯೊ ತಾನೇ ಕಟ್ಟಿದ ಮೂಲೆಯತ್ತ ತಿರುಗಿ ನೋಡಿದ್ದ. ಮೂಲೆ ಎಡಕ್ಕೆ ವಾಲಿತ್ತು. ಕಣ್ಣಾರೆ, ಸ್ಪಷ್ಟವಾಗಿ. ಬೆವರುತ್ತ ಗುಂಡು ಇಳಿಬಿಟ್ಟ. ದಾರ ಇಟ್ಟಿಗೆಯ ಅಂಚನ್ನು ಮೇಲಿಂದ ಕೆಳಗಿನವರೆಗೆ ಸವರಿಕೊಂಡು ನಿಂತಿತು, ಕೂದಲೆಳೆಯ ವ್ಯತ್ಯಾಸವಿಲ್ಲ. ಗೋಡೆ ನೇರವಾಗಿತ್ತು. ಸೊಟ್ಟಗಿದ್ದವನು ಅವನು. ಆರು ಮಹಡಿ ಎತ್ತರದಲ್ಲಿ ಅವನು ಹಲಗೆಯ ಮೇಲೆ ಕುಳಿತುಬಿಟ್ಟ. ಇಳಿಯಲು ನಲವತ್ತು ನಿಮಿಷ ಹಿಡಿಯಿತು. ಇದನ್ನು ಅವನು ಯಾರಿಗೂ, ಹೆಂಡತಿಗೂ ಹೇಳಿರಲಿಲ್ಲ. ಅವತ್ತಿನಿಂದ ಗುಂಡು ಜೇಬು ಬಿಟ್ಟಿರಲಿಲ್ಲ. ಬೆಳಗ್ಗೆ ಮಂಚದಿಂದ ಏಳುವ ಮೊದಲು ಅದನ್ನು ಇಳಿಬಿಟ್ಟು ದಾರ ನೋಡಿಯೇ ಏಳುತ್ತಿದ್ದ.

ಇವತ್ತು ಗುರುವಾರ. ಇಲ್ಲಿನ ಪರೀಕ್ಷೆ ಸರಿಬಂದರೆ ಸಾರುವೆ ಹತ್ತಬಹುದೆಂದು ಸಹಿ ಹಾಕಿಕೊಡುವುದಾಗಿ ಡಾಕ್ಟರು ಹೇಳಿದ್ದರು. ಗೋಪುರದ ಉಳಿದ ಕೆಲಸ ಸೋಮವಾರ ಶುರು. ಜೆಫೆರೀನೊ ಸೋಮವಾರದವರೆಗೆ ಮಾತ್ರ ಜಾಗ ಕಾಯುವವನಿದ್ದ. ಅಬೀಲಿಯೊನನ್ನು ನಿದ್ದೆಗೆಡಿಸಿದ್ದು ಜಾಗ ಹೋಗುವ ಭಯವಲ್ಲ. ನೇರ ಯಾವುದು ಎಂದು ಹೇಳುವ ಏನೋ ಒಂದು ಮನುಷ್ಯನೊಳಗೆ ಇರುತ್ತದೆ, ತನ್ನೊಳಗೆ ಅದು ಮುರಿದಿದೆ, ಇವತ್ತು ಯಂತ್ರ ಅದನ್ನು ಬರೆದು ಕೊಡುತ್ತದೆ ಎಂಬ ಭಯ.

ಪರೀಕ್ಷೆ ಮಾಡುವವಳು ಕೊರಿನ್ ಬ್ಯಾಪ್ಟಿಸ್ಟ್. ಮೂವತ್ತೈದರ ಆಸುಪಾಸು, ತಲೆಗೆ ಹಳದಿ ಬಟ್ಟೆ ಸುತ್ತಿದ್ದಳು. ಮೊದಲು ಅವನ ಎದೆಗೂ ತೊಡೆಗೂ ಪಟ್ಟಿ ಬಿಗಿದು, ಪಟ್ಟಿಯನ್ನು ಚಾವಣಿಯ ಕೊಕ್ಕೆಗೆ ಸಿಕ್ಕಿಸಿದಳು. ಕಾಲ ಕೆಳಗೆ ತೂಗಾಟ ಅಳೆಯುವ ಹಲಗೆ.

"ಬಿದ್ರೂ ನೇತಾಡ್ತೀರ ಅಷ್ಟೆ ಮಿಸ್ಟರ್ ಫುರ್ತಾದೊ. ಮರದಲ್ಲಿ ಹಣ್ಣು ನೇತಾಡಲ್ವಾ, ಹಾಗೆ."

"ಇಷ್ಟು ಮಾಗಿರೋ ಹಣ್ಣು ಯಾರಿಗಮ್ಮ ಬೇಕು?"

"ಬೇಕಾಗಿರೋರು ಹೊರಗೆ ಕೂತಿದಾರಲ್ಲ."

ಕಣ್ಣು ತೆರೆದು, ಗಟ್ಟಿ ಹಲಗೆಯ ಮೇಲೆ ಸುಮ್ಮನೆ ನಿಲ್ಲುವುದು ಎಲ್ಲಕ್ಕಿಂತ ಸುಲಭದ್ದು. ಅಬೀಲಿಯೊನ ಮೊಣಕಾಲು ಕಲ್ಲಾದವು, ಕಾಲ್ಬೆರಳು ಬೂಟಿನೊಳಗೆ ಉಗುರೂರಿದವು, ಆದರೂ ಮೈ ತೂಗಿತು. ಆಮೇಲೆ ಕಾಲ ಕೆಳಗೆ ದಪ್ಪ ಸ್ಪಂಜು ಬಂತು. ಕಣ್ಣು ಮುಚ್ಚಿ ಎಂದಳು. ಮುಚ್ಚಿದ ಕೂಡಲೇ ನೆಲ ಇಲ್ಲವಾಯಿತು.

"ಒಂದು ಗೋಡೆ ಮೂಲೆ ಹೇಗೆ ಶುರು ಮಾಡ್ತೀರ? ನಂಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಹೇಳಿ," ಎಂದು ಹಿಂದಿನಿಂದ ಕೊರಿನ್ ಕೇಳಿದಳು.

"ಈಗಲಾ?"

"ಈಗಲೇ."

ಅವನು ಹಲ್ಲು ಕಚ್ಚಿಕೊಂಡೇ ಹೇಳತೊಡಗಿದ: ಮೊದಲ ವರಸೆಯ ಇಟ್ಟಿಗೆ ಸಾಲನ್ನು ಗಾರೆ ಇಲ್ಲದೆ ಜೋಡಿಸಿ ನೋಡಬೇಕು, ಮೂಲೆಯ ಇಟ್ಟಿಗೆ ಆರಿಸಿ ಇಡಬೇಕು, ಗಾರೆ ಮಜ್ಜಿಗೆಯಾಗಬಾರದು, ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು, ಮೂರು ವರಸೆಗೊಮ್ಮೆ ಗುಂಡು ಬಿಡಬೇಕು. "ನಿಮ್ಮ ಕಾಲದ ಹುಡುಗ್ರು ಬಿಡಲ್ಲ, ಲೇಸರ್ ಇಟ್ಕೊಂಡು ಕಾಫಿ ಕುಡೀತಾರೆ," ಎಂದೂ ಸೇರಿಸಿದ. ಮೂವತ್ತು ಸೆಕೆಂಡು ಮುಗಿದಿತ್ತು. ಕೊರಿನ್ ಏನನ್ನೋ ಬರೆದುಕೊಂಡಳು.

ಎರಡನೆಯ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆ, ಚಾವಣಿ, ಪರದೆ ಎಲ್ಲ ಕಪ್ಪು. ಎತ್ತರದ ಕುರ್ಚಿ, ಗಲ್ಲ ಊರಲು ಒಂದು ಆಸರೆ, ಬಲಗೈಗೆ ಒಂದು ತಿರುಪು. ಮೂರು ಅಡಿ ದೂರದಲ್ಲಿ ಯಂತ್ರದ ಸ್ಕ್ರೀನ್.

"ದೀಪ ಆರಿಸ್ತೀನಿ. ಒಂದು ಮಿಣುಕು ಗೆರೆ ಕಾಣುತ್ತೆ, ಸೊಟ್ಟಗೆ," ಎಂದಳು ಕೊರಿನ್. "ತಿರುಪು ತಿರುಗಿಸಿ ಅದನ್ನ ನೇರ ನಿಲ್ಲಿಸಬೇಕು. ನೇರ ಅನ್ನಿಸಿದ ಕೂಡಲೇ 'ಹೂಂ' ಅನ್ನಿ. ಹತ್ತು ಸಲ. ನಾನು ಪರದೆ ಆಚೆ ಇರ್ತೀನಿ."

"ಅಷ್ಟೇನಾ?"

"ಅಷ್ಟೇ. ಬೇರೆ ಏನೂ ಕಾಣಿಸಲ್ಲ. ಗೋಡೆ ಇಲ್ಲ, ಬಾಗಿಲಿಲ್ಲ. ಭೂಮಿ ಯಾವ ಕಡೆ ಎಳೀತಿದೆ ಅಂತ ನಿಮ್ಮ ಒಳಗಿವಿ, ನಿಮ್ಮ ಮೈ ಹೇಳ್ಬೇಕು. ಅದನ್ನೇ ನಾನು ನೋಡ್ಬೇಕಾಗಿರೋದು."

ಅವನು ಹೆದರಿದ್ದ ಪರೀಕ್ಷೆ ಇದೇ.

ದೀಪ ಆರಿತು. ಕತ್ತಲು ಎಷ್ಟು ದಟ್ಟವಿತ್ತೆಂದರೆ ಕುರ್ಚಿ ಎಲ್ಲಿ ಮುಗಿಯಿತು, ತಾನು ಎಲ್ಲಿ ಶುರುವಾದೆ ಎಂಬುದೇ ತಿಳಿಯಲಿಲ್ಲ. ಗೆರೆ ಮೂಡಿತು, ಬಲಕ್ಕೆ ಬಾಗಿತ್ತು. ಎಷ್ಟು ಬಾಗಿತ್ತು? ಯಾವುದಕ್ಕೆ ಹೋಲಿಸಿ ಹೇಳುವುದು? ಅವನ ಎಡಗೈ ತನ್ನಷ್ಟಕ್ಕೇ ಜೇಬಿಗೆ ಹೋಯಿತು. ಮೊಣಕೈಯನ್ನು ಕುರ್ಚಿಯ ತೋಳಿಗೆ ಊರಿ, ಗುಂಡನ್ನು ಕಣ್ಣಿಗೂ ಗೆರೆಗೂ ನಡುವೆ ಇಳಿಬಿಟ್ಟ. ಒಂದು ಕಣ್ಣು ಮುಚ್ಚಿದ. ಗುಂಡು ತೂಗಾಡಿತು. ಅದು ನಿಲ್ಲುವವರೆಗೆ ಉಸಿರು ಹಿಡಿದ. ಆಮೇಲೆ ತಿರುಪು ತಿರುಗಿಸಿದ. ಮೇಣ ಹಚ್ಚಿದ ಕಪ್ಪು ದಾರ ಅಡ್ಡ ಬಂದಲ್ಲಿ ಗೆರೆ ಮಂಕಾಗುತ್ತಿತ್ತು. ತಲೆಯಿಂದ ಬುಡದವರೆಗೆ ಒಂದೇ ಸಮನೆ ಮಂಕಾದಾಗ, "ಹೂಂ," ಎಂದ.

ಹತ್ತು ಸಲವೂ ಹಾಗೆಯೇ ಮಾಡಿದ. ಕತ್ತಲಲ್ಲಿ ಯಾರಿಗೂ ಕಾಣದೆ, ಬೆವರಿ ತೊಪ್ಪೆಯಾಗಿ.

ದೀಪ ಹತ್ತಿದಾಗ ಗುಂಡು ಜೇಬಿನಲ್ಲಿತ್ತು. ಕೊರಿನ್ ಪರದೆ ಸರಿಸಿ ಬಂದಳು. ಅವನ ಕಡೆ ನೋಡದೆ ಯಂತ್ರವನ್ನು ನೋಡಿದಳು, ಅದರ ಬೆನ್ನಿನ ತಂತಿಗಳನ್ನು ಒತ್ತಿ ನೋಡಿದಳು.

"ಸ್ವಲ್ಪ ಇಳೀತೀರಾ? ನಾನೊಂದು ಸಲ ಕೂತು ನೋಡ್ತೀನಿ."

ದೀಪ ಮತ್ತೆ ಆರಿತು. ಅವನು ಗೋಡೆ ಹಿಡಿದು ನಿಂತ. ಕೊರಿನ್ ಆರು ಸಲ ಗೆರೆ ನಿಲ್ಲಿಸಿ, ಎದ್ದು ಅಂಕಿ ಓದಿದಳು.

"ಯಂತ್ರ ಸರಿಯಾಗಿದೆ. ನಾನು ಎಡಕ್ಕೆ ಒಂದೂವರೆ ಡಿಗ್ರಿ ತಪ್ಪಿದೀನಿ. ಎರಡು ಡಿಗ್ರಿವರೆಗೆ ಎಲ್ಲರೂ ತಪ್ತಾರೆ, ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ನೀವು ಹತ್ತಕ್ಕೆ ಹತ್ತೂ ಸಲ ಸೊನ್ನೆ. ಒಂಬತ್ತು ವರ್ಷದಲ್ಲಿ ನಾನು ಹೀಗೆ ಕಂಡಿಲ್ಲ."

"ನಾನು ಇಟ್ಟಿಗೆ ಕೆಲಸದೋನಮ್ಮ."

"ಅದಕ್ಕೇ ಇರಬೇಕು ಬಿಡಿ." ಅವಳು ನಗಲಿಲ್ಲ. "ಹೀಗೇ ಬರೆದು ಕಳಿಸಿದ್ರೆ ಡಾಕ್ಟರ್ ಸಹಿ ಹಾಕ್ಬಿಡ್ತಾರೆ. ಸೋಮವಾರ ನೀವು ಮೇಲಿರ್ತೀರ."

ಕೇಳಬೇಕೆಂದು ಬಂದಿದ್ದ ಮಾತು ಇದೇ. ಕೇಳಿದ ಕೂಡಲೇ ಅವನಿಗೆ ಕಂಡದ್ದು ಹಲಗೆಯ ಅಂಚು, ಆರು ಮಹಡಿ ಕೆಳಗೆ ಡಂಡಾಸ್ ಬೀದಿಯ ಟ್ರಾಮ್ ಕಂಬಿಗಳು, ಎಡಕ್ಕೆ ವಾಲುತ್ತಿರುವ ಮೂಲೆ. ಅವತ್ತು ಕೂರಲು ಹಲಗೆ ಸಿಕ್ಕಿತ್ತು. ಸೋಮವಾರ ಸಿಗದಿದ್ದರೆ? ಹೇಳಿಬಿಡೋಣ ಎಂದುಕೊಂಡ. ಹೇಳದೆ ಮತ್ತೆ ಕುರ್ಚಿ ಹತ್ತಿದ.

"ಇನ್ನೊಂದೇ ಉಳಿದಿದೆ," ಎಂದಳು ಕೊರಿನ್. "ಅದೇ ಗೆರೆ. ಆದ್ರೆ ಸುತ್ತಲೂ ಚುಕ್ಕಿಗಳು ತಿರುಗ್ತಿರ್ತವೆ. ಭಯ ಆದ್ರೆ ಕಣ್ಣು ಮುಚ್ಚಿ, ನನ್ನ ಕೂಗಿ."

ಮತ್ತೆ ಕತ್ತಲು. ಈ ಸಲ ಗೆರೆಯ ಸುತ್ತ ನೂರಾರು ಬಿಳಿ ಚುಕ್ಕಿಗಳು ಮೂಡಿ, ಒಂದು ದೊಡ್ಡ ಚಕ್ರದ ಹಾಗೆ ನಿಧಾನ ಎಡಕ್ಕೆ ತಿರುಗತೊಡಗಿದವು. ಮೊದಲ ಎರಡು ಉಸಿರಿನವರೆಗೆ ಚುಕ್ಕಿಗಳೇ ತಿರುಗಿದವು. ಆಮೇಲೆ ಚುಕ್ಕಿಗಳು ನಿಂತು ಕುರ್ಚಿ ಬಲಕ್ಕೆ ಜಾರತೊಡಗಿತು. ಅವನಿಗೆ ಗೊತ್ತಿತ್ತು, ಕುರ್ಚಿಯನ್ನು ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ್ದಾರೆ. ಗೊತ್ತಿದ್ದೂ ಮೈ ಬಲಕ್ಕೆ ಉರುಳುತ್ತಲೇ ಇತ್ತು. ಅವಸರದಿಂದ ಗುಂಡು ಇಳಿಬಿಟ್ಟ.

ಬಿಳಿ ಚುಕ್ಕಿಗಳ ಮೇಲೆ ದಾರ ಕಪ್ಪಗೆ ಕಂಡಿತು. ದಾರ ಸೊಟ್ಟಗಿತ್ತು.

ಗಾಳಿಯಿಲ್ಲ. ಗುಂಡು ತೂಗುತ್ತಿರಲಿಲ್ಲ, ಅದರ ಭಾರ ಬೆರಳಿಗೆ ತಿಳಿಯುತ್ತಿತ್ತು. ಆದರೂ ದಾರ ಯಾರೋ ಪಕ್ಕಕ್ಕೆ ಎಳೆದು ಹಿಡಿದ ಹಾಗೆ ಓರೆಯಾಗಿ ನಿಂತಿತ್ತು. ನಲವತ್ತು ವರ್ಷದಲ್ಲಿ ಅವನು ಅಂಥದ್ದನ್ನು ಕಂಡಿರಲಿಲ್ಲ. ಊರೇ ಕುಸಿದ ದಿನವೂ ಇಂಥದ್ದು ಕಂಡದ್ದಿಲ್ಲ. ಗಂಟಲಿನಿಂದ ಒಂದು ಸದ್ದು ಹೊರಟಿತು, ಅದು ತನ್ನದೆಂದು ಅವನಿಗೆ ಗೊತ್ತಾಗಲಿಲ್ಲ. ಎರಡು ಕೈಯಿಂದಲೂ ಕುರ್ಚಿಯನ್ನು ಬಾಚಿ ಹಿಡಿದ. ಹಿತ್ತಾಳೆ ನೆಲಕ್ಕೆ ಬಿದ್ದು, ಠಣ್ ಎಂದು, ಉರುಳಿ ಹೋಯಿತು.

ದೀಪ ಹತ್ತಿತು. ಬಾಗಿಲು ಧಡಾರನೆ ತೆರೆದು ನತೇರ್ಸಿಯಾ ಒಳಗೆ ಬಂದಳು.

"ಬಿದ್ನಾ? ಬಿದ್ದೇಬಿಟ್ನಾ?"

"ಅವರು ಬಿದ್ದಿಲ್ಲ. ಇದು ಬಿತ್ತು," ಎಂದು ಕೊರಿನ್ ಬಗ್ಗಿ, ಗುಂಡನ್ನು ಎತ್ತಿಕೊಂಡು, ದಾರ ಹಿಡಿದು ಇಳಿಬಿಟ್ಟಳು. ಮೂವರೂ ಅದನ್ನೇ ನೋಡಿದರು. ಬೆಳಕಿನಲ್ಲಿ ಅದು ನೇರವಾಗಿತ್ತು.

ನತೇರ್ಸಿಯಾಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಪರೀಕ್ಷೇಲಿ ಕಾಪಿ ಹೊಡೆದ್ಯಾ? ಐವತ್ತೇಳು ವರ್ಷಕ್ಕೆ? ನಾಚಿಕೆ ಆಗಲ್ವೇನೋ ಮಾರಾಯ?" ಎಂದಳು. ಅವನ ಮುಖ ನೋಡಿದ್ದೇ ದನಿ ಇಳಿಯಿತು. "ಏನಾಯ್ತು?"

ಅಬೀಲಿಯೊ ಮೊದಲ ಸಲ ಗೋಪುರದ ಕತೆ ಹೇಳಿದ. ವಾಲಿದ ಮೂಲೆ, ನೇರವಿದ್ದ ದಾರ, ಇಳಿಯಲು ಹಿಡಿದ ನಲವತ್ತು ನಿಮಿಷ. ಹೇಳುವಷ್ಟು ಹೊತ್ತೂ ಕುರ್ಚಿಯ ತೋಳು ಬಿಡಲಿಲ್ಲ. ನತೇರ್ಸಿಯಾ ಬಾಯಿಗೆ ಕೈ ಅಡ್ಡ ಹಿಡಿದು ಕೇಳಿದಳು.

"ಒಳಗಿನದು ಮುರಿದಿದ್ರೆ ನಂಗೆ ಗೊತ್ತಾಗೋದು ಬೇಡ ಅಂತಿತ್ತು. ಇವತ್ತು ದಾರಾನೇ ಸೊಟ್ಟ ಕಾಣ್ತು. ಇನ್ನೇನು ಉಳೀತು ಹೇಳಮ್ಮ?" ಎಂದು ಕೊರಿನ್‌ಳನ್ನು ಕೇಳಿದ.

"ಮಿಸ್ಟರ್ ಫುರ್ತಾದೊ, ಇದುವರೆಗೆ ನಾನು ಈ ದಾರಾನ ಅಳೆದಿದೀನಿ, ನಿಮ್ಮನ್ನಲ್ಲ. ಒಳಗಿನದು ಮುರಿದಿದ್ಯೋ ಇಲ್ವೋ ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅಳೆದ್ರೆ ಗೊತ್ತಾಗುತ್ತೆ. ಅಳೀಲಾ?"

ಅಬೀಲಿಯೊ ಕುರ್ಚಿಯ ತೋಳು ಬಿಟ್ಟು, ಎರಡು ಕೈಗಳನ್ನೂ ತೊಡೆಯ ಮೇಲೆ ಅಂಗೈ ಮೇಲಾಗಿ ಇಟ್ಟ.

"ಗುಂಡು ಅವಳ ಹತ್ರ ಕೊಡಮ್ಮ," ಎಂದ.

ನತೇರ್ಸಿಯಾ ಅದನ್ನು ಕೈಚೀಲದೊಳಗೆ ಹಾಕಿ ಜಿಪ್ ಎಳೆದಳು. ಹೊರಗೆ ಹೋಗೆಂದರೂ ಹೋಗದೆ ಬಾಗಿಲ ಬಳಿಯೇ ಕುಳಿತಳು.

ಈ ಸಲ ಕವಿದ ಕತ್ತಲು ಹಿಂದಿನವಕ್ಕಿಂತ ಆಳವಾಗಿತ್ತು. ಗೆರೆ ಮೂಡಿತು. ಅವನ ಎಡಗೈ ಖಾಲಿ ಜೇಬನ್ನು ತಡಕಿ ವಾಪಸು ಬಂತು. ತಿರುಪು ಒಂದಿಷ್ಟು ತಿರುಗಿಸಿದ, ಹೆಚ್ಚಾಯಿತೆನ್ನಿಸಿತು, ಹಿಂದಕ್ಕೆ ತಂದ. ಇದು ನೇರವೇ? ಮೂವತ್ತನಾಲ್ಕು ವರ್ಷ ಸಾವಿರಾರು ಮೂಲೆ ನಿಲ್ಲಿಸಿದವನಿಗೆ ಒಂದು ಗೆರೆಯ ಬಗ್ಗೆ ಹೂಂ ಎನ್ನಲು ಧೈರ್ಯ ಬರಲಿಲ್ಲ. ತನ್ನ ತಪ್ಪು ಎಷ್ಟು ದೊಡ್ಡದಿರಬಹುದು? ಹತ್ತು? ಮೂವತ್ತು? ಅಡ್ಡಡ್ಡ ಮಲಗಿಸಿ ನೇರ ಅನ್ನುತ್ತಿದ್ದೇನೆಯೇ?

"ಹೂಂ," ಎಂದ, ಅಳುವವನ ಹಾಗೆ.

ಹತ್ತು ಸಲ. ಏಳನೆಯದರ ಹೊತ್ತಿಗೆ ಕತ್ತಲಿನಿಂದ ನತೇರ್ಸಿಯಾ, "ಇದೀನಿ," ಎಂದಳು. ಯಾರೂ ಕೇಳಿರಲಿಲ್ಲ.

ಆಮೇಲೆ ಚುಕ್ಕಿಗಳು ಬಂದವು. ಮೈ ಮತ್ತೆ ಬಲಕ್ಕೆ ಉರುಳಿತು, ಕೂಗಬೇಕೆನ್ನಿಸಿತು, ಕೂಗಲಿಲ್ಲ. ಗೆರೆಯನ್ನು ತಿರುಗಿಸಿ ತಿರುಗಿಸಿ ಒಂದು ಕಡೆ ನಿಲ್ಲಿಸಿದ. ಅದು ಸೊಟ್ಟ ಇರಬೇಕು ಎಂದು ಬುದ್ಧಿ ಹೇಳಿತು, ನೇರ ಎಂದು ಕಣ್ಣು ಹೇಳಿತು. ತಿದ್ದಲು ಬೆರಳು ಚಡಪಡಿಸಿತು. ಸೊಟ್ಟ ಗೋಡೆ ಬಿಟ್ಟು ಸಾರುವೆ ಇಳಿದವನಲ್ಲ ಅವನು. ತಿದ್ದದೆ, ಗೆರೆಯನ್ನು ಕಣ್ಣು ಹೇಳಿದ ಹಾಗೆಯೇ ಬಿಟ್ಟು, "ಹೂಂ," ಎಂದ.

ದೀಪ ಹತ್ತಿದ ಮೇಲೆ ಕೊರಿನ್ ಅಂಕಿಗಳನ್ನು ಎರಡು ಸಲ ಓದಿಕೊಂಡಳು.

"ಕಾರಣ ಡಾಕ್ಟರ್ ಹೇಳ್ಬೇಕು. ಅಂಕಿ ನಾನು ಹೇಳ್ತೀನಿ. ಬರೀ ಕತ್ತಲಲ್ಲಿ, ಖಾಲಿ ಕೈಲಿ, ಒಂದು ಪಾಯಿಂಟ್ ಎಂಟು ಡಿಗ್ರಿ."

"ಕೆಟ್ಟದಾ?"

"ನಂದು ಒಂದೂವರೆ. ನಿಮ್ಮದು ಹೆಚ್ಚುಕಡಿಮೆ ನನ್ನ ಥರಾನೇ. ಅಂದ್ರೆ ಭೂಮಿ ಎಲ್ಲಿದೆ ಅಂತ ನಿಮ್ಮ ಮೈಗೆ ಗೊತ್ತಿದೆ."

ಅವನು ಅವಳನ್ನೇ ನೋಡಿದ. ಅವಳು ಮುಂದುವರಿಸಿದಳು: "ಚುಕ್ಕಿ ತಿರುಗಿದಾಗ ಹದಿಮೂರು ಡಿಗ್ರಿ. ಎಲ್ಲರದ್ದೂ ವಾಲುತ್ತೆ, ಮೂರೋ ಐದೋ. ನಿಮ್ಮದು ಹದಿಮೂರು. ಮೈ ಸರಿಯಾಗೇ ಹೇಳ್ತಿದ್ರೂ ನೀವು ಕಣ್ಣನ್ನೇ ನಂಬ್ತಿದೀರ ಅಂತ ಕಾಣುತ್ತೆ. ಇನ್ನೊಂದು: ಸ್ಪಂಜಿನ ಮೇಲೆ, ಕಣ್ಣು ಮುಚ್ಚಿ, ಇಟ್ಟಿಗೆ ವಿಷ್ಯ ಹೇಳುವಾಗ ನೀವು ಗಟ್ಟಿ ಹಲಗೆ ಮೇಲೆ ನಿಂತಿದ್ದಕ್ಕಿಂತ ಕಮ್ಮಿ ತೂಗಾಡಿದ್ರಿ. ಇದನ್ನ ಸರಿಮಾಡೋಕೆ ಅಭ್ಯಾಸಗಳಿವೆ. ತಿಂಗಳುಗಟ್ಟಲೆ ಹಿಡಿಯುತ್ತೆ. ಪೂರ್ತಿ ಹೋಗುತ್ತೆ ಅಂತ ನಾನು ಮಾತು ಕೊಡಲ್ಲ."

"ಸೋಮವಾರ?"

"ಸೋಮವಾರದ್ದು ನೀವೇ ಹೇಳಿ."

ಟ್ರಾಮ್ ನಿಲ್ದಾಣದ ಬೆಂಚಿನ ಮೇಲೆ ಕುಳಿತು ಅಬೀಲಿಯೊ ಜೆಫೆರೀನೊಗೆ ಫೋನ್ ಮಾಡಿದ. ಎದುರಿನಿಂದ ವಾಹನಗಳು ಹರಿದುಹೋಗುತ್ತಿದ್ದವು. ಪ್ರತಿಯೊಂದೂ ಬೆಂಚನ್ನು ಅಷ್ಟಿಷ್ಟು ಎಳೆದುಕೊಂಡು ಹೋದಂತಾಗುತ್ತಿತ್ತು.

"ಏನೋ ಮದುಮಗ, ಸೋಮವಾರ ಬರ್ತೀಯ ತಾನೆ?"

"ಬರಲ್ಲ. ಹದಿಮೂರು ಡಿಗ್ರಿ."

"ಏನು ಹದಿಮೂರು?"

"ಸುತ್ತಮುತ್ತ ಏನಾದ್ರೂ ಅಲುಗಾಡ್ತಿದ್ರೆ ನಂಗೆ ನೇರ ಕಾಣೋದು ಹದಿಮೂರು ಡಿಗ್ರಿ ಸೊಟ್ಟ. ಅಳೆದು ಬರ್ಕೊಂಡಿದಾರೆ."

ಆ ಕಡೆ ಗಾರೆ ಕಲಸುವ ಯಂತ್ರದ ಸದ್ದು ನಿಂತಿತು.

"ಹದಿಮೂರಾ?" ಜೆಫೆರೀನೊನ ದನಿಯಲ್ಲಿ ನಗು ಉಳಿದಿರಲಿಲ್ಲ. "ಅಷ್ಟು ವಾಲಿದ್ರೆ ಗೋಡೆ ಬಿದ್ದೋಗುತ್ತಲ್ಲೋ."

"ಅದಕ್ಕೇ ಬರಲ್ಲ."

"ಮುಂಚೇನೇ ಹೇಳ್ಬಾರ್ದಿತ್ತೇನೋ ಕತ್ತೆ," ಎಂದ ಜೆಫೆರೀನೊ. ಮತ್ತೆ ತಡೆದು, "ಸಂಜೆ ಮನೆ ಕಡೆ ಬರ್ತೀನಿ," ಎಂದು ಇಟ್ಟುಬಿಟ್ಟ.

ಟ್ರಾಮ್ ಬಂತು. ಅದರ ಕಿಟಕಿಗಳ ಸಾಲು ಕಣ್ಣ ಮುಂದೆ ಹರಿಯುತ್ತಿದ್ದಂತೆ ಬೆಂಚು ಬಲಕ್ಕೆ ಜಾರಿತು. ಅವನ ಕೈ ಜೇಬಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಕೊಡ್ಲಾ?" ಎಂದು ನತೇರ್ಸಿಯಾ ಕೈಚೀಲದ ಜಿಪ್ಪಿಗೆ ಕೈ ಹಾಕಿದಳು.

ಅವನಿಗೆ ಬೇಕಿತ್ತು. ತುಂಬ ಬೇಕಿತ್ತು. ಕಣ್ಣು ಮುಚ್ಚಿದ. ನೆಲ ಕಾಣೆಯಾಯಿತು. ಆದರೆ ಬೂಟಿನ ಅಡಿಗೆ ಕಾಲುದಾರಿಯ ಗಟ್ಟಿ ಕಾಂಕ್ರೀಟು ಒತ್ತುತ್ತಿತ್ತು.

"ಬೇಡ, ಕೈ ಹಿಡ್ಕೋ," ಎಂದು ಎದ್ದು ನಿಂತ.